ಮೊಬೈಲಿನ ಫೋಟೋ ಗೋಡೆಗೇರುವ ಮುನ್ನ

‘ಮನಿಗೊಂದು ಫೋಟೋ ಪ್ರಿಂಟರ್ ತಗೋಬೇಕಂತ ಮಾಡೀನ್ರಿ, ಯಾವ ಕಂಪನಿದು ಛಲೋ?’ ಲಗ್ನದ ಸೀಸನ್ ಮುಗಿದು ಎಲ್ಲರ ಮೊಬೈಲ್ ತುಂಬಿದ ಮೇಲೆ ಈ ಪ್ರಶ್ನೆ ಹೆಚ್ಚಾಗಿ ಬರುತ್ತದೆ. ಬಸವಕಲ್ಯಾಣದ ಶಾಲಾ ಮಾಸ್ತರರು ಕೇಳಿದ್ದಾರೆ, ಹುಮನಾಬಾದಿನ ಕಿರಾಣಿ ಅಂಗಡಿಯವರು ಕೇಳಿದ್ದಾರೆ, ಪುಣೆಯಲ್ಲಿ ನೌಕರಿ ಮಾಡುತ್ತ ಊರಲ್ಲಿರುವ ತಂದೆತಾಯಿಗೆ ಮೊಮ್ಮಗುವಿನ ಫೋಟೋ ಕಳಿಸಬೇಕೆನ್ನುವ ಹುಡುಗರೂ ಕೇಳಿದ್ದಾರೆ. ಕಂಪನಿಯ ಹೆಸರು ಹೇಳುವ ಮುಂಚೆ ನಾನು ಅವರಿಗೇ ಎರಡು ಪ್ರಶ್ನೆ ಹಾಕುತ್ತೇನೆ. ಯಾವ ಫೋಟೋ? ಅದರ ಮೂಲ ಫೈಲ್ ಯಾರ ಹತ್ತಿರ ಇದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಪ್ರಿಂಟರ್ ಬೇಕೋ ಬೇಡವೋ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಬಹಳಷ್ಟು ಸಲ ಬೇಡ ಎಂದೇ ಆಗುತ್ತದೆ.

ಬಸವಕಲ್ಯಾಣದ ಒಂದು ಸ್ಟುಡಿಯೋದಲ್ಲಿ ನಾನು ಕೂತಿದ್ದಾಗ ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದ. ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದರು, ದಿನಕರ್ಮಕ್ಕೆ ದೊಡ್ಡ ಫೋಟೋ ಬೇಕಿತ್ತು. ‘ಅಣ್ಣಾ, ಇದ್ರಾಗ ನಮ್ಮ ಮುತ್ಯಾಂದು ಫೋಟೋ ಅದ. ಇಷ್ಟು ದೊಡ್ಡದು ಮಾಡಿ ಕೊಡ್ರಿ’ ಎಂದು ಕೈಯಗಲಿಸಿ ತೋರಿಸಿದ. ಸ್ಟುಡಿಯೋದವರು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ‘ಇದು ಸ್ಟೇಟಸ್‌ದಾಗಿಂದು ಸ್ಕ್ರೀನ್‌ಶಾಟ್ ಅದ ತಮ್ಮಾ. ಹತ್ತು ಮಂದಿ ನಡುವ ನಿಂತಾರ. ಒರಿಜಿನಲ್ ಯಾರ ಬಲ್ಲಿ ಅದ?’ ಎಂದರು. ಹುಡುಗನಿಗೆ ಗೊತ್ತಿರಲಿಲ್ಲ. ಇನ್ನೊಂದು ಫೋಟೋ ಇದೆ ಎಂದು ಜೇಬಿನಿಂದ ಆಧಾರ್ ಕಾರ್ಡ್ ತೆಗೆದ. ನಮ್ಮ ಕಡೆಯ ಯಾವ ಸ್ಟುಡಿಯೋದವರನ್ನು ಕೇಳಿದರೂ ಈ ಕತೆಯನ್ನು ಊರು ಬದಲಿಸಿ ಹೇಳುತ್ತಾರೆ. ಅಲ್ಲಿ ಎಷ್ಟೇ ದುಬಾರಿ ಪ್ರಿಂಟರ್ ಇದ್ದರೂ ಪ್ರಯೋಜನವಿಲ್ಲ. ಚೆಂಡಿನಷ್ಟು ಹಿಟ್ಟಿನಲ್ಲಿ ಪರಾತದಗಲ ರೊಟ್ಟಿ ಬಡಿಯಲು ಹೋದರೆ ಅದು ಹರಿಯಲೇಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಕಷ್ಟದ್ದೇನಲ್ಲ. ಡಿಜಿಟಲ್ ಫೋಟೋ ಎಂದರೆ ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳ ಸಾಲು. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್ ನುಣುಪಾಗಿ ಕಾಣಬೇಕಾದರೆ ಒಂದು ಇಂಚಿಗೆ ಸುಮಾರು 300 ಚುಕ್ಕಿ ಬೇಕು. ಗೋಡೆಯ ಮೇಲಿನದನ್ನು ದೂರದಿಂದ ನೋಡುವುದರಿಂದ 200 ಸಾಕು. 100ಕ್ಕಿಂತ ಕೆಳಗಿಳಿದರೆ ಮುಖದ ಅಂಚುಗಳು ಮಸುಕಾಗುತ್ತವೆ. ಆ ಪ್ರಕಾರ 4x6 ಇಂಚಿನ ಫೋಟೋಗೆ 1200x1800 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು ಸಾಕು. 12 ಮೆಗಾಪಿಕ್ಸೆಲ್ ಮೊಬೈಲಿನ ಫೋಟೋ ಸುಮಾರು 4000x3000 ಪಿಕ್ಸೆಲ್ ಇರುತ್ತದೆ. ಅದರಿಂದ 12x18 ಇಂಚಿನ ಗೋಡೆ ಫೋಟೋ ಧಾರಾಳವಾಗಿ ಬರುತ್ತದೆ. ಕ್ಯಾಮೆರಾಕ್ಕಾಗಿಯೇ 108 ಮೆಗಾಪಿಕ್ಸೆಲ್ ಫೋನ್ ಕೊಳ್ಳುವವರು ಈ ಲೆಕ್ಕ ಹಾಕಿ ನೋಡಬೇಕು.

ವಾಟ್ಸಾಪ್ ಸಾಮಾನ್ಯವಾಗಿ ಫೋಟೋದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ ಕಳಿಸುತ್ತದೆ. ವಾಟ್ಸಾಪ್‌ನಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ಮಾತು ಪೂರ್ತಿ ನಿಜವಲ್ಲ. 1600 ಪಿಕ್ಸೆಲ್ ಇದ್ದರೆ 4x6 ಪ್ರಿಂಟ್ ಇಂಚಿಗೆ ಸುಮಾರು 267 ಚುಕ್ಕಿಯಂತೆ ಚೆನ್ನಾಗಿಯೇ ಬರುತ್ತದೆ. ಅದೇ ಫೈಲನ್ನು 12x18ಕ್ಕೆ ಹಿಗ್ಗಿಸಿದರೆ ಇಂಚಿಗೆ 89 ಚುಕ್ಕಿ ಮಾತ್ರ ಉಳಿಯುತ್ತದೆ. ಗುಂಪಿನಿಂದ ಒಬ್ಬರ ಮುಖವನ್ನಷ್ಟೇ ಕತ್ತರಿಸಿ ತೆಗೆದರಂತೂ ಆ ಮುಖಕ್ಕೆ ಬರುವುದು ನೂರು, ನೂರೈವತ್ತು ಪಿಕ್ಸೆಲ್. ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಆದರೆ ಇನ್ನೂ ಕಡಿಮೆ. ಹಾಗಾಗಿ ಫೋಟೋ ತೆಗೆದವರಿಗೇ ಫೋನ್ ಮಾಡಿ, ‘ಡಾಕ್ಯುಮೆಂಟ್ ಮಾಡಿ ಕಳಿಸು’ ಎಂದು ಹೇಳಬೇಕು. ವಾಟ್ಸಾಪ್‌ನ ಕ್ಲಿಪ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಮೂಲಕ ಕಳಿಸಿದರೆ ಫೋಟೋ ಇದ್ದಂತೆಯೇ ಬರುತ್ತದೆ. 2023ರಲ್ಲಿ ಬಂದ ‘ಎಚ್‌ಡಿ’ ಆಯ್ಕೆಯೂ ಮೊದಲಿಗಿಂತ ಉತ್ತಮ. ಆದರೂ ಡಾಕ್ಯುಮೆಂಟ್‌ಗೆ ಸಾಟಿಯಿಲ್ಲ. ಐಫೋನ್ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಅದರ ಫೋಟೋಗಳು ‘ಎಚ್‌ಇಐಸಿ’ ಎಂಬ ರೂಪದಲ್ಲಿ ಉಳಿಯುತ್ತವೆ, ಕೆಲವು ಅಂಗಡಿಗಳ ಹಳೆಯ ಕಂಪ್ಯೂಟರ್‌ನಲ್ಲಿ ಅವು ತೆರೆಯುವುದಿಲ್ಲ. ಜೆಪಿಇಜಿ ಮಾಡಿ ಒಯ್ಯುವುದು ಒಳ್ಳೆಯದು.

‘ಪ್ರಿಂಟ್ ಹಾಕಿಸಿದ್ರ ಅವ್ವನ ತಲಿ ಕಟ್ ಆಗ್ಯಾದ’ ಎಂಬುದು ನಾನು ಪದೇಪದೇ ಕೇಳುವ ಇನ್ನೊಂದು ದೂರು. ಇದರಲ್ಲಿ ಅಂಗಡಿಯವರ ಪಾಲಿಗಿಂತ ಅಳತೆಯ ಪಾಲು ದೊಡ್ಡದು. ಮೊಬೈಲ್ ಫೋಟೋ ಸಾಮಾನ್ಯವಾಗಿ 4:3 ಅನುಪಾತದಲ್ಲಿರುತ್ತದೆ, 4x6 ಕಾಗದ 3:2 ಅನುಪಾತದ್ದು. ಆರು ಇಂಚು ಅಗಲಕ್ಕೆ ಕೂರಿಸಿದಾಗ ಫೋಟೋ ನಾಲ್ಕೂವರೆ ಇಂಚು ಎತ್ತರ ಬೇಡುತ್ತದೆ, ಕಾಗದದಲ್ಲಿ ಇರುವುದು ನಾಲ್ಕೇ. ಉಳಿದರ್ಧ ಇಂಚು ತಲೆಯ ಕಡೆಯಿಂದಲೋ ಕಾಲಿನ ಕಡೆಯಿಂದಲೋ ಹೋಗಲೇಬೇಕು. 16:9ರಲ್ಲಿ ತೆಗೆದಿದ್ದರೆ ಎರಡೂ ಬದಿ ಸೇರಿ ಇಂಚಿಗಿಂತ ಹೆಚ್ಚು ಹೋಗುತ್ತದೆ, ಗುಂಪಿನ ತುದಿಯಲ್ಲಿ ನಿಂತ ಅಳಿಯಂದಿರು ಮಾಯವಾಗುತ್ತಾರೆ. ‘ಪೂರ್ತಿ ಫೋಟೋ ಬರಲಿ, ಬದಿಗೆ ಬಿಳಿ ಅಂಚು ಉಳಿದರೂ ಅಡ್ಡಿಯಿಲ್ಲ’ ಎಂದು ಹೇಳಿದರೆ ಮುಗಿಯಿತು. ಇಲ್ಲವೇ ಮೊಬೈಲಿನಲ್ಲಿಯೇ 3:2ಕ್ಕೆ ಕ್ರಾಪ್ ಮಾಡಿ ಒಯ್ಯಿರಿ. ಆಗ ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ನೀವೇ ನಿರ್ಧರಿಸಿದಂತಾಗುತ್ತದೆ.

ಇನ್ನು ಮನೆಯ ಪ್ರಿಂಟರ್. ಶಾಯಿ ತುಂಬುವ ಟ್ಯಾಂಕ್ ಇರುವ ಪ್ರಿಂಟರುಗಳು ಬಂದ ಮೇಲೆ ಶಾಯಿಯ ಖರ್ಚು ಬಹಳ ಇಳಿದಿದೆ, ಅದು ನಿಜ. ಆದರೆ ಅಂಗಡಿಯಲ್ಲಿ ಹೆಚ್ಚಾಗಿ ಮಾರಾಟವಾಗುವುದು ನಾಲ್ಕು ಬಣ್ಣದ, ಆಫೀಸ್ ಕೆಲಸದ ಪ್ರಿಂಟರ್. ಮಕ್ಕಳ ಪ್ರಾಜೆಕ್ಟ್, ಅರ್ಜಿ, ಹಾಲ್ ಟಿಕೆಟ್‌ಗೆ ಅದು ಸಾಕು. ಮುಖದ ತಿಳಿ ಬಣ್ಣಗಳನ್ನು ಅದು ದೂರದೂರ ಚುಕ್ಕಿಯಿಟ್ಟು ತೋರಿಸುವುದರಿಂದ ಹತ್ತಿರದಿಂದ ನೋಡಿದರೆ ಕೆನ್ನೆ ಒರಟಾಗಿ ಕಾಣುತ್ತದೆ. ಎಪ್ಸನ್ ಎಲ್805, ಅದರ ನಂತರ ಬಂದ ಎಲ್8050 ಮುಂತಾದ ಫೋಟೋ ಪ್ರಿಂಟರುಗಳಲ್ಲಿ ತಿಳಿ ಸಯಾನ್, ತಿಳಿ ಮಜೆಂಟಾ ಸೇರಿ ಆರು ಬಣ್ಣ ಇರುತ್ತವೆ. ಸ್ಟುಡಿಯೋದವರು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಇಂಥವನ್ನು ಇಟ್ಟುಕೊಳ್ಳುವುದು ಅದಕ್ಕಾಗಿಯೇ. ಅವರಿಗೆ ದಿನವೂ ಕೆಲಸವಿರುತ್ತದೆ, ಪ್ರಿಂಟರ್ ದಿನವೂ ಓಡುತ್ತದೆ. ಮನೆಯಲ್ಲಿ ಹಬ್ಬಕ್ಕೊಮ್ಮೆ ಓಡಿಸಿದರೆ ನಮ್ಮ ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ಹೆಡ್‌ನ ಸಣ್ಣ ತೂತುಗಳಲ್ಲಿ ಶಾಯಿ ಒಣಗಿ ಕೂರುತ್ತದೆ. ಪ್ರಿಂಟಿನಲ್ಲಿ ಅಡ್ಡಗೆರೆ ಬೀಳುತ್ತದೆ, ಹೆಡ್ ಕ್ಲೀನಿಂಗ್ ಎಂದು ಒತ್ತಿದಾಗಲೆಲ್ಲ ಶಾಯಿ ಹರಿದು ವ್ಯರ್ಥವಾಗುತ್ತದೆ. ವಾರಕ್ಕೊಂದು ಬಣ್ಣದ ಹಾಳೆ ತೆಗೆಯುವ ಶಿಸ್ತು ಇದ್ದವರಿಗೆ ಮಾತ್ರ ಈ ಯಂತ್ರ ಒಗ್ಗುತ್ತದೆ.

ಖರ್ಚಿನ ಲೆಕ್ಕವನ್ನೂ ನೋಡಿ. ಹತ್ತು ಸಾವಿರದ ಪ್ರಿಂಟರ್, ವರ್ಷಕ್ಕೆ ನೂರು ಫೋಟೋ, ಐದು ವರ್ಷ ಬಾಳಿಕೆ ಅಂದುಕೊಳ್ಳಿ. ಕಾಗದ, ಶಾಯಿ ಸೇರಿಸುವ ಮೊದಲೇ ಒಂದೊಂದು ಫೋಟೋ ಮೇಲೆ ಯಂತ್ರದ್ದೇ ಇಪ್ಪತ್ತು ರೂಪಾಯಿ ಬಿತ್ತು. ಕಾಗದದಲ್ಲಿ ಉಳಿತಾಯ ಮಾಡಲು ಹೋದರೆ ಇನ್ನೊಂದು ನಷ್ಟ. ಅಗ್ಗದ ಗ್ಲಾಸಿ ಹಾಳೆ ಹೊಸದಾಗಿ ಹೊಳೆಯುತ್ತದೆ. ಅದರ ಮೇಲಿನ ಬಣ್ಣ ಗಾಳಿ, ಬೆಳಕಿಗೆ ಸಿಕ್ಕು ಬೇಗ ಪೇಲವವಾಗುತ್ತದೆ. ಸಾಮಾನ್ಯ ಡೈ ಶಾಯಿಯ ಪ್ರಿಂಟಿಗೆ ನೀರು ತಾಗಿದರೆ ಬಣ್ಣ ಹರಡುವ ಭಯವೂ ಇದೆ. ಹಿರಿಯರ ಫೋಟೋಗೆ ಹಸಿ ಹೂವಿನ ಮಾಲೆ ಹಾಕುವ ನಮ್ಮ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಮನೆಯಲ್ಲೇ ಪ್ರಿಂಟ್ ತೆಗೆಯುವ ಹಂಬಲ ಬಿಡಲಾರೆ ಎನ್ನುವವರಿಗೆ ಡೈ-ಸಬ್ಲಿಮೇಷನ್ ಎಂಬ ಸಣ್ಣ ಯಂತ್ರ ಉತ್ತಮ. ಕ್ಯಾನನ್ ಸೆಲ್ಫಿ ಇದಕ್ಕೆ ಚಿರಪರಿಚಿತ ಉದಾಹರಣೆ. ಇದರಲ್ಲಿ ದ್ರವದ ಶಾಯಿ ಇಲ್ಲ, ಒಣಗುವ ಪ್ರಶ್ನೆಯೂ ಇಲ್ಲ. ಬಣ್ಣದ ರಿಬ್ಬನ್ ಬಿಸಿಯಾಗಿ ಹಳದಿ, ಮಜೆಂಟಾ, ಸಯಾನ್ ಒಂದರ ಮೇಲೊಂದು ಕಾಗದಕ್ಕೆ ಇಳಿಯುತ್ತವೆ, ಕೊನೆಗೆ ಒಂದು ಪಾರದರ್ಶಕ ಲೇಪ ಕೂರುತ್ತದೆ. ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುವುದನ್ನು ನೋಡುವುದೇ ಮಕ್ಕಳಿಗೆ ಮೋಜು. ಒಂದು ಪೋಸ್ಟ್‌ಕಾರ್ಡ್ ಸೈಜ್ ಫೋಟೋ ಒಂದು ನಿಮಿಷದೊಳಗೆ ಸಿದ್ಧ. ಪ್ರವಾಸಿ ತಾಣಗಳಲ್ಲಿ, ಮದುವೆ ಮಂಟಪಗಳಲ್ಲಿ ನಿಂತ ನಿಲುವಿನಲ್ಲೇ ಫೋಟೋ ಕೊಡುವವರ ಬಳಿ ಇರುವುದೂ ಇದೇ ತಂತ್ರದ ದೊಡ್ಡ ಯಂತ್ರ. ಕಾಗದ ಮತ್ತು ರಿಬ್ಬನ್ ಜೋಡಿಯಾಗಿ ಬರುವುದರಿಂದ ಪ್ಯಾಕಿನ ಬೆಲೆಯನ್ನು ಹಾಳೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಫೋಟೋದ ಖರ್ಚು ಖರೀದಿಗೆ ಮುಂಚೆಯೇ ತಿಳಿಯುತ್ತದೆ. ಆದರೆ ಅದರಿಂದ ಗೋಡೆಗೆ ಹಾಕುವ ದೊಡ್ಡ ಫೋಟೋ ಬರುವುದಿಲ್ಲ.

ನನ್ನ ಒಲವು ಲ್ಯಾಬ್ ಪ್ರಿಂಟಿನ ಕಡೆಗೆ. ರೀಲು ತೊಳೆಸುತ್ತಿದ್ದ ಕಾಲದ ಕಾಗದವೇ ಇಂದಿಗೂ ಡಿಜಿಟಲ್ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಫ್ಯೂಜಿ ಫ್ರಾಂಟಿಯರ್, ನೊರಿಟ್ಸು ಹೆಸರಿನ ಯಂತ್ರಗಳಲ್ಲಿ ಕೆಂಪು, ಹಸಿರು, ನೀಲಿ ಲೇಸರ್ ಬೆಳಕು ನಿಮ್ಮ ಫೈಲನ್ನು ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಬರೆಯುತ್ತದೆ. ಕಾಗದ ರಾಸಾಯನಿಕದ ತೊಟ್ಟಿಗಳಲ್ಲಿ ಹಾದು, ತೊಳೆದು, ಒಣಗಿ ಹೊರಬರುತ್ತದೆ. ಬಣ್ಣ ಮೇಲ್ಮೈ ಮೇಲೆ ಕೂತಿರುವುದಿಲ್ಲ, ಕಾಗದದ ಪದರಗಳ ಒಳಗೇ ಹುಟ್ಟಿರುತ್ತದೆ. ಸರಿಯಾಗಿ ತೊಳೆದ ಇಂಥ ಪ್ರಿಂಟ್ ನೇರ ಬಿಸಿಲಿಗೆ ಬೀಳದಂತೆ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಈಗ ಕೆಲವು ಲ್ಯಾಬ್‌ಗಳು ಶಾಯಿಯ ಯಂತ್ರಕ್ಕೂ ಬದಲಾಗಿವೆ. ಅವುಗಳಲ್ಲೂ ಒಳ್ಳೆಯವು ಇವೆ. ಆದ್ದರಿಂದ ‘ಇದು ಕೆಮಿಕಲ್ ಲ್ಯಾಬ್ ಪ್ರಿಂಟೋ, ಇಂಕ್ ಪ್ರಿಂಟೋ?’ ಎಂದು ಸಂಕೋಚವಿಲ್ಲದೆ ಕೇಳಿ. ಪ್ರಿಂಟನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಕಾಗದದ ಕಂಪನಿಯ ಹೆಸರು ತಿಳಿಯಾಗಿ ಅಚ್ಚಾಗಿರುವುದೂ ಉಂಟು. ತಾಲ್ಲೂಕು ಊರುಗಳ ಸ್ಟುಡಿಯೋದವರು ದೊಡ್ಡ ಅಳತೆಯ ಫೋಟೋ, ಕರಿಜ್ಮಾ ಆಲ್ಬಮ್‌ಗಳನ್ನು ಸಾಮಾನ್ಯವಾಗಿ ದೊಡ್ಡ ಊರಿನ ಲ್ಯಾಬಿಗೆ ಕಳಿಸಿ ತರಿಸುತ್ತಾರೆ. ಒಂದೆರಡು ದಿನ ತಡವಾದರೂ ಅದು ಕಾಯುವುದಕ್ಕೆ ತಕ್ಕದ್ದು. ‘ಅರ್ಧ ತಾಸಿನ್ಯಾಗ ಕೊಡ್ರಿ’ ಎಂದು ಅವಸರ ಮಾಡಿದರೆ ಅಂಗಡಿಯಲ್ಲಿರುವ ಶಾಯಿ ಪ್ರಿಂಟರ್‌ನಿಂದಲೇ ತೆಗೆದು ಕೊಡುವುದು ಅವರಿಗೆ ಅನಿವಾರ್ಯ.

ಆನ್‌ಲೈನ್ ಸೇವೆಯ ಬಲ ಬೇರೆ ಕಡೆ ಇದೆ. ಪುಸ್ತಕದಂತೆ ಕಟ್ಟಿದ ಫೋಟೋಬುಕ್, ಕ್ಯಾಲೆಂಡರ್, ಕ್ಯಾನ್ವಾಸ್ ಇಂಥವು ನಮ್ಮ ಊರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಆ್ಯಪ್‌ನಲ್ಲಿ ಸಿಗುತ್ತವೆ. ಹೈದರಾಬಾದಿನಲ್ಲಿ, ಮುಂಬೈಯಲ್ಲಿ, ದುಬೈಯಲ್ಲಿ ಇರುವ ಮಕ್ಕಳು ಅಲ್ಲಿಂದಲೇ ಆರ್ಡರ್ ಮಾಡಿ ಬಸವಕಲ್ಯಾಣದ 585327ಕ್ಕೋ ಹುಮನಾಬಾದಿನ 585330ಕ್ಕೋ ನೇರವಾಗಿ ಮನೆಗೆ ತಲುಪಿಸಬಹುದು. ಹಣ ಕಟ್ಟುವ ಮೊದಲು ಆ ಪಿನ್‌ಕೋಡ್‌ಗೆ ಡೆಲಿವರಿ ಇದೆಯೇ ಎಂದು ನೋಡಬೇಕು. ಹಳ್ಳಿಯಾದರೆ ಮನೆಯ ಗುರುತಿನ ಜತೆ ಊರಲ್ಲಿರುವವರ ಫೋನ್ ನಂಬರ್ ಕೊಡಬೇಕು. ಆದರೆ ಬಣ್ಣ ಸರಿಬರದಿದ್ದರೆ ಕೌಂಟರ್‌ನಲ್ಲಿ ನಿಂತು ‘ಇನ್ನೊಂದು ತೆಗೀರಿ’ ಎನ್ನುವ ಅನುಕೂಲ ಅಲ್ಲಿಲ್ಲ. ಮೊದಲ ಆರ್ಡರ್ ಹತ್ತಿಪ್ಪತ್ತು ಸಣ್ಣ ಪ್ರಿಂಟುಗಳದ್ದಿರಲಿ. ಅವು ಮನಸ್ಸಿಗೆ ಒಪ್ಪಿದರೆ ಮಗುವಿನ ಮೊದಲ ವರ್ಷದ ಫೋಟೋಬುಕ್ ಕಡೆ ಹೋಗಿ. ಅಪ್‌ಲೋಡ್ ಮಾಡುವಾಗ ಫೋಟೋ ಪಕ್ಕ ಎಚ್ಚರಿಕೆಯ ಗುರುತು ಬಂದರೆ ಆ ಅಳತೆಗೆ ಪಿಕ್ಸೆಲ್ ಸಾಲದು ಎಂದರ್ಥ. ಅದನ್ನು ಕಂಡೂ ಮುಂದೆ ಹೋದರೆ ಮಸುಕಾಗಿ ಬಂದದ್ದಕ್ಕೆ ಯಾರೂ ಹೊಣೆಯಲ್ಲ.

ಲ್ಯಾಬ್ ಆಗಲಿ ಆ್ಯಪ್ ಆಗಲಿ, ಬಣ್ಣದ ವಿಷಯದಲ್ಲಿ ಎರಡು ಮಾತು. ಮೊಬೈಲ್ ಪರದೆ ತಾನೇ ಬೆಳಗುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ತಿರುಗಿಸುತ್ತದೆ. ಆದ್ದರಿಂದ ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಚೆನ್ನಾಗಿ ಕಂಡ ಫೋಟೋ ಪ್ರಿಂಟಿನಲ್ಲಿ ಕಪ್ಪಾಗಿ ಕಾಣುತ್ತದೆ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿ, ಆಗಲೂ ಮುಖ ಸ್ಪಷ್ಟವಾಗಿದ್ದರೆ ಪ್ರಿಂಟ್ ಸರಿ ಬರುತ್ತದೆ. ಎರಡನೆಯದು ಸ್ವಲ್ಪ ಮನಸ್ಸಿಗೆ ಸಂಬಂಧಿಸಿದ್ದು. ಗಿರಾಕಿ ಕೇಳದಿದ್ದರೂ ಮುಖ ಬೆಳ್ಳಗೆ ಮಾಡಿ ಕೊಡುವ ರೂಢಿ ಅನೇಕ ಕಡೆ ಬೇರೂರಿದೆ. ಬಿಸಿಲಲ್ಲಿ ಹೊಲ ಮಾಡಿದ ಮುತ್ಯಾ ಫೋಟೋದಲ್ಲಿ ಪೌಡರ್ ಬಳಿದವರಂತೆ ನಿಲ್ಲುತ್ತಾರೆ. ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇನ್ನೂ ಮುಂದೆ ಹೋಗಿವೆ. ಮಸುಕಾದ ಮುಖ ಕೊಟ್ಟರೆ ಕಣ್ಣು, ಹಲ್ಲು, ಚರ್ಮ ಎಲ್ಲವನ್ನೂ ಊಹಿಸಿ ಹೊಸದಾಗಿ ಬರೆದುಕೊಡುತ್ತವೆ. ಫೈಲಿನಲ್ಲಿ ಇಲ್ಲದ ವಿವರ ಎಲ್ಲಿಂದ ಬಂದೀತು? ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತ ಸರಾಸರಿಯಿಂದ ಬರುತ್ತದೆ. ಹಿನ್ನೆಲೆ ತೆಗೆಯುವುದಕ್ಕೆ, ಗೀರು ಮುಚ್ಚುವುದಕ್ಕೆ ಆ ಸಾಧನ ಬಳಸಲಿ, ನನ್ನ ತಕರಾರಿಲ್ಲ. ಮುಖವನ್ನು ಮುಟ್ಟದಿರಲಿ. ತುಸು ಮಸುಕಾದರೂ ಚಿಕ್ಕ ಅಳತೆಯಲ್ಲಿ ಅವರದ್ದೇ ಮುಖ ಇರುವುದು ಮೇಲು.

ಇಷ್ಟೆಲ್ಲ ಏಕೆ, ಗೂಗಲ್ ಫೋಟೋಸ್‌ನಲ್ಲಿ ಇದ್ದೇ ಇದೆಯಲ್ಲ ಎನ್ನುವವರಿದ್ದಾರೆ. 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿತು. ಈಗ ಜೀಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ತುಂಬಿದ ಮೇಲೆ ದುಡ್ಡು ಕಟ್ಟಬೇಕು, ಇಲ್ಲವೇ ಅಳಿಸಬೇಕು. ಪಾಸ್‌ವರ್ಡ್ ಗೊತ್ತಿದ್ದವರೇ ತೀರಿಕೊಂಡರೆ ಮನೆಯವರಿಗೆ ಅದು ಬೀಗ ಹಾಕಿದ ಪೆಟ್ಟಿಗೆ. ಕಾಗದದ ಫೋಟೋದ ಮಾತು ಬೇರೆ. 1948ರವರೆಗೆ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದಿದ್ದರು. ಅವರು ತೆಗೆದ ಚಿತ್ರಗಳು ಗಾಜಿನ ಪ್ಲೇಟುಗಳಲ್ಲಿ, ಕಾಗದದ ಪ್ರಿಂಟುಗಳಲ್ಲಿ ಇಂದಿಗೂ ಉಳಿದಿವೆ. ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ್ ಯಜ್ದಾನಿ ಬೀದರಿನ ಸ್ಮಾರಕಗಳ ಕುರಿತ ದೊಡ್ಡ ಪುಸ್ತಕವನ್ನು 1947ರಲ್ಲಿ ಹೊರತಂದರು. ಅಂದಿನ ಕಟ್ಟಡಗಳು ಹೇಗಿದ್ದವು ಎಂದು ನೋಡಲು ಅದರ ಚಿತ್ರಪುಟಗಳನ್ನು ಈಗಲೂ ತೆರೆಯುತ್ತಾರೆ. ಯಾವ ಚಾರ್ಜರ್, ಯಾವ ಪಾಸ್‌ವರ್ಡ್ ಕೂಡ ಬೇಕಾಗಿಲ್ಲ.

ಆದರೆ ಪ್ರಿಂಟ್ ಉಳಿದರೆ ಸಾಲದು, ಅದರಲ್ಲಿರುವವರು ಯಾರು ಎಂಬುದೂ ಉಳಿಯಬೇಕು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ ಇದ್ದಾಳೆ. ಆಕೆ ಬರೆಯುತ್ತಿರುವುದು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಕೆತ್ತಿದ ಆ ಸಾಲು ಇರುವುದರಿಂದಲೇ ಶಿಲ್ಪ ಯಾವ ದೊರೆಯ ಕಾಲದ್ದೆಂದು ಇಂದಿಗೂ ಗಟ್ಟಿಯಾಗಿ ಹೇಳಬಹುದು. ಮನೆಯ ಹಳೆಯ ಗ್ರೂಪ್ ಫೋಟೋ ತೆರೆದು ನೋಡಿ, ಎರಡನೆಯ ಸಾಲಿನವರ ಹೆಸರು ಹೇಳುವವರು ಯಾರೂ ಉಳಿದಿರುವುದಿಲ್ಲ. ಪ್ರಿಂಟಿನ ಹಿಂದೆ ಸಿಡಿ ಮೇಲೆ ಬರೆಯುವಂಥ ಪರ್ಮನೆಂಟ್ ಮಾರ್ಕರ್‌ನಿಂದ ಹೆಸರು, ಊರು, ಇಸವಿ ಬರೆದು, ಶಾಯಿ ಒಣಗಿದ ಮೇಲೆ ಇಡಿ. ಬಾಲ್ ಪೆನ್ ಒತ್ತಿ ಬರೆದರೆ ಮುಂದಿನ ಬದಿಗೆ ಗೆರೆ ಮೂಡುತ್ತದೆ. ಅಂಟಿನ ಹಾಳೆಯಿರುವ ಆಲ್ಬಮ್ ಬೇಡ, ವರ್ಷ ಕಳೆದ ಮೇಲೆ ಫೋಟೋ ಕಿತ್ತರೂ ಬರುವುದಿಲ್ಲ. ಫ್ರೇಮ್ ಹಾಕಿಸುವಾಗ ಗಾಜು ಫೋಟೋಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇಡಲು ಹೇಳಿ, ಇಲ್ಲವಾದರೆ ಮಳೆಗಾಲದ ತೇವಕ್ಕೆ ಎರಡೂ ಅಂಟಿಕೊಳ್ಳುತ್ತವೆ. ಪಶ್ಚಿಮದ ಬಿಸಿಲು ಬೀಳುವ ಗೋಡೆ, ಊದಿನಕಡ್ಡಿಯ ಹೊಗೆ ನೇರ ಬಡಿಯುವ ಜಾಗ ಬಿಡಿ.

ಹೀಗಾಗಿ ಪ್ರಿಂಟರ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಅರ್ಜಿಗೆ, ಶಾಲೆಯ ಕೆಲಸಕ್ಕೆ ದಿನವೂ ಬೇಕಿದ್ದರೆ ಟ್ಯಾಂಕ್ ಪ್ರಿಂಟರ್ ಕೊಳ್ಳಿ, ಅದರಿಂದ ನೆನಪಿನ ಫೋಟೋ ನಿರೀಕ್ಷಿಸಬೇಡಿ. ಆಲ್ಬಮ್‌ಗೆ, ಗೋಡೆಗೆ ಲ್ಯಾಬ್. ದೂರದ ಊರಿಗೆ ಉಡುಗೊರೆಯಾಗಿ ಆನ್‌ಲೈನ್. ಪ್ರಿಂಟರ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಭಾಗ ತೆಗೆದು, ಈ ಪಂಚಮಿಗೆ ಎಲ್ಲರೂ ಊರಿಗೆ ಬಂದಾಗ, ಮನೆಯ ಹಿರಿಯರನ್ನು ಬಾಗಿಲ ಬಳಿಯ ನೆರಳಿನ ಬೆಳಕಿನಲ್ಲಿ ಕೂರಿಸಿ, ಅವರಿಗೆ ಒಪ್ಪುವ ರುಮಾಲು ಸುತ್ತಿಸಿಯೋ ಸೀರೆ ಉಡಿಸಿಯೋ, ಒಬ್ಬೊಬ್ಬರದೂ ಒಂದೊಂದು ಫೋಟೋ ತೆಗೆಯಿರಿ. ಮೂಲ ಫೈಲನ್ನು ಇಬ್ಬರ ಬಳಿ ಇಟ್ಟು, 8x12ರಲ್ಲಿ ಒಂದು ಪ್ರಿಂಟ್ ಹಾಕಿಸಿ ಮೊದಲು ಅವರ ಕೈಗೇ ಕೊಡಿ. ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಅವರದ್ದು. ಬೇಡವೆಂದರೆ ಇನ್ನೊಂದು ತೆಗೆಯಲು ಆಗ ಇನ್ನೂ ಸಮಯವಿರುತ್ತದೆ.